ಅಶ್ವಶಕ್ತಿಯೂ ಅಶ್ವದ ಶಕ್ತಿಯೂ

ಪ್ರತಿ ವರ್ಷವೂ ತರಗತಿಯಲ್ಲಿ ‘ಸಾಮರ್ಥ್ಯ’ದ ಪಾಠ ಬಂದಾಗ ನಾವು ಕರಿಹಲಗೆಯ ಮೇಲೆ ಒಂದು ಸಾಲನ್ನು ಬರೆಯುತ್ತೇವೆ: ೧ ಅಶ್ವಶಕ್ತಿ = ೭೪೬ ವಾಟ್. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಕುದುರೆಯ ಪ್ರಸ್ತಾಪ ಅಲ್ಲಿಗೆ ಮುಗಿಯುತ್ತದೆ. ಜೇಮ್ಸ್ ವಾಟನು ೧೭೮೦ರ ದಶಕದಲ್ಲಿ, ತನ್ನ ಉಗಿಯಂತ್ರವು ಎಷ್ಟು ಕುದುರೆಗಳ ಕೆಲಸವನ್ನು ಮಾಡೀತೆಂಬುದನ್ನು ಕೊಳ್ಳಬಂದವರಿಗೆ ತಿಳಿಸಬೇಕಾಗಿ ಬಂದಾಗ, ಒಂದು ಕುದುರೆಯು ಒಂದು ನಿಮಿಷಕ್ಕೆ ೩೩,೦೦೦ ಅಡಿ-ಪೌಂಡು ಕೆಲಸ ಮಾಡುವುದೆಂದು ಗೊತ್ತುಮಾಡಿದನು. ಆ ಸಂಖ್ಯೆ ಉಳಿಯಿತು. ಅದರ ಹಿಂದಿದ್ದ ಪ್ರಾಣಿಯನ್ನು ನಾವು ಮರೆತೆವು. ಚೈತ್ರದಲ್ಲಿಯೂ ಪುಷ್ಯದಲ್ಲಿಯೂ ೭೪೬ ವಾಟ್ ಎಂಬುದು ೭೪೬ ವಾಟೇ. ಕುದುರೆ ಹಾಗಲ್ಲ. ಅದಕ್ಕೆ ಋತುಗಳುಂಟು. ಒಂದು ತಿಂಗಳಲ್ಲಿ ಲಗಾಮಿಗೆ ನಿಲ್ಲದಷ್ಟು ಹುರುಪು, ಇನ್ನೊಂದು ತಿಂಗಳಲ್ಲಿ ಹೆಜ್ಜೆ ಕೀಳಲಾರದ ಜಡತೆ. ಈ ಏರಿಳಿತದಲ್ಲಿ ಯಾವುದು ಸಹಜ, ಯಾವುದು ಭಯಪಡಬೇಕಾದದ್ದು ಎಂಬ ಪ್ರಶ್ನೆ ಕುದುರೆ ಸಾಕುವವರಿಗೆ ಮಾತ್ರ ಸೇರಿದುದೆಂದು ನಾವು ಎಣಿಸಿದ್ದೆವು. ಒಂದು ಮಧ್ಯಾಹ್ನದ ಅನುಭವವು ಆ ಎಣಿಕೆಯನ್ನು ಬದಲಿಸಿತು.

ಕಳೆದ ಏಪ್ರಿಲ್ ತಿಂಗಳಲ್ಲಿ ನಾವು ಮೈಸೂರಿಗೆ ಹೋಗಿದ್ದಾಗ ಟಾಂಗಾಗಳು ನಿಲ್ಲುವ ಒಂದೆಡೆ ಮರದ ನೆರಳಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆವು. ಎರಡು ಕುದುರೆಗಳು ಒಂದರ ಪಕ್ಕದಲ್ಲೊಂದು ತಲೆ ತಗ್ಗಿಸಿಕೊಂಡು ನಿಂತಿದ್ದವು. ಎರಡರ ಕಣ್ಣುಗಳೂ ಅರೆಮುಚ್ಚಿದ್ದವು. ಎರಡೂ ಒಂದೊಂದು ಹಿಂಗಾಲನ್ನು ಸಡಿಲ ಬಿಟ್ಟಿದ್ದವು. ದೂರದಿಂದ ನೋಡುವವರಿಗೆ ಎರಡರಲ್ಲಿಯೂ ಕಾಣುವುದು ಒಂದೇ ಆಲಸ್ಯ. ಒಂದರ ಒಡೆಯರು ಎಪ್ಪತ್ತರ ಹತ್ತಿರದ ಮುದುಕರು. ಇನ್ನೊಂದರ ಒಡೆಯ ಇಪ್ಪತ್ತೈದರ ತರುಣ. ಪ್ರವಾಸಿಗಳಿಬ್ಬರು ಬಂದು ತರುಣನ ಗಾಡಿಯನ್ನು ಹತ್ತಿದರು. ಕುದುರೆ ಕದಲಲಿಲ್ಲ. ಚಾವಟಿ ಎರಡು ಸಲ ಆಡಿತು. ಆಗಲೂ ಅದು ನಾಲ್ಕು ಹೆಜ್ಜೆ ಹಾಕಿ ನಿಂತಿತು.

“ಬಿಸಿಲು ತಾತ, ಒಂದು ವಾರದಿಂದ ಹೀಗೇ. ಬೇಸಿಗೇಲಿ ಎಲ್ಲಾ ಕುದುರೆನೂ ಸೋಮಾರಿ ಆಗ್ತವೆ ತಾನೆ?” ಎಂದನು ತರುಣ.

ಮುದುಕರು ಉತ್ತರ ಕೊಡಲಿಲ್ಲ. ಎದ್ದು ಬಂದು ಆ ಕುದುರೆಯ ಕಿವಿಯ ಬುಡದಲ್ಲಿ ಕೈಯಿಟ್ಟರು. ಆಮೇಲೆ ದವಡೆಯ ಕೆಳಗೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ತುಟಿಯನ್ನೆತ್ತಿ ಒಸಡನ್ನು ನೋಡಿದರು.

“ನನ್ನದು ಬಿಸಿಲಿಗೆ ನಿಂತಿದೆ ಕಣಪ್ಪ. ನಿಂದು ಬಿಸಿಲಿಗಲ್ಲ. ಬೆಳಿಗ್ಗೆ ಹುರುಳಿ ತಿಂತಾ?”

“ಅರ್ಧ ಬಿಟ್ಟಿತ್ತು.”

“ಗಾಡಿ ಬಿಚ್ಚು.”

ಪಶುವೈದ್ಯರು ಬಂದು ನೋಡಿದಾಗ ಆ ಕುದುರೆಗೆ ೪೦ ಡಿಗ್ರಿ ಸೆಲ್ಸಿಯಸಿಗೂ ಮೇಲ್ಪಟ್ಟ ಜ್ವರವಿತ್ತು. ರಕ್ತದಲ್ಲಿ ಉಣ್ಣೆಯಿಂದ ಹರಡುವ ರೋಗಾಣುಗಳಿದ್ದವೆಂದು ಆಮೇಲೆ ತಿಳಿಯಿತು. ಔಷಧದಿಂದ ಅದು ಬದುಕಿಕೊಂಡಿತು. ಆದರೆ ಅದು ಒಂದು ವಾರ ಕಾಲ ಜ್ವರದಲ್ಲಿಯೇ ಗಾಡಿಯನ್ನೆಳೆದಿತ್ತು. ಜ್ವರದ ಮೇಲೆ ಏಟನ್ನೂ ತಿಂದಿತ್ತು. ಆ ತರುಣನು ಕ್ರೂರಿಯಲ್ಲ. ಅವನು ತನ್ನ ಊಟಕ್ಕಿಂತ ಮೊದಲು ಅದಕ್ಕೆ ಮೇವು ಹಾಕುವವನು. ‘ಬೇಸಿಗೆ’ ಎಂಬ ಒಂದು ಮಾತು ಅವನ ಕಣ್ಣನ್ನು ಮುಚ್ಚಿತ್ತು, ಅಷ್ಟೇ. ಈ ಲೇಖನದಲ್ಲಿ ನಾವು ಹೇಳಬಯಸುವುದೂ ಇಷ್ಟೇ: ಕುದುರೆಯ ಶಕ್ತಿಯು ಋತುವಿನೊಡನೆ ಏರಿಳಿಯುವುದು ನಿಜ, ಆದರೆ ಋತುವು ಕಾರಣವಾಗಿರಬಹುದೇ ಹೊರತು ನೆವವಾಗಬಾರದು. ಕಾರಣವನ್ನೂ ನೆವವನ್ನೂ ಬೇರ್ಪಡಿಸುವ ಸಾಧನವು ಅಳತೆಯೊಂದೇ.

ಮೊದಲು ಕಾರಣವನ್ನು ನೋಡೋಣ. ಬೇಸಿಗೆಯಲ್ಲಿ ಕುದುರೆ ಏಕೆ ಜಡವಾಗುತ್ತದೆ? ಸ್ನಾಯುವು ತಾನು ಬಳಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು, ಹೆಚ್ಚೆಂದರೆ ನಾಲ್ಕನೆಯ ಒಂದು ಪಾಲನ್ನು, ಕೆಲಸವಾಗಿ ಮಾರ್ಪಡಿಸಬಲ್ಲದು. ಉಳಿದುದೆಲ್ಲವೂ ಶಾಖ. ಕುದುರೆಯೊಂದು ವಾಟನ ಲೆಕ್ಕಕ್ಕೆ ಸರಿಯಾಗಿ ೭೪೬ ವಾಟ್ ಸಾಮರ್ಥ್ಯದಿಂದ ಗಾಡಿಯನ್ನು ಎಳೆಯುತ್ತಿದೆ ಎನ್ನೋಣ. ಐದನೆಯ ಒಂದು ಪಾಲಿನ ದಕ್ಷತೆಯನ್ನು ಹಿಡಿದರೆ, ಅದರ ಮೈಯೊಳಗೆ ಪ್ರತಿ ಸೆಕೆಂಡಿಗೂ ಇದರ ನಾಲ್ಕರಷ್ಟು, ಎಂದರೆ ಸುಮಾರು ೩,೦೦೦ ಜೂಲ್ ಶಾಖ ಹುಟ್ಟುತ್ತದೆ. ಒಂದೊಂದು ಕಿಲೋವಾಟಿನ ಮೂರು ವಿದ್ಯುತ್ ಒಲೆಗಳನ್ನು ಒಟ್ಟಿಗೆ ಉರಿಸಿದಷ್ಟು ಶಾಖ ಇದು. ೫೦೦ ಕಿಲೋಗ್ರಾಂ ತೂಕದ ಕುದುರೆಯ ಮೈ ಒಂದು ಡಿಗ್ರಿ ಬಿಸಿಯೇರಲು ಸುಮಾರು ೧,೭೫೦ ಕಿಲೋಜೂಲ್ ಶಾಖ ಸಾಕು. ಭಾಗಿಸಿ ನೋಡಿದರೆ, ಹುಟ್ಟಿದ ಶಾಖ ಹೊರಹೋಗದ ಪಕ್ಷದಲ್ಲಿ, ಸುಮಾರು ಹತ್ತು ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೈ ಕಾಯುತ್ತದೆ. ಅರ್ಧ ಗಂಟೆಯಲ್ಲಿ ೩೮ ಡಿಗ್ರಿ ಇದ್ದುದು ೪೧ ಆಗುತ್ತದೆ. ಆದುದರಿಂದ ಕುದುರೆಯ ದುಡಿಮೆಗೆ ಮಿತಿಯನ್ನು ಹಾಕುವುದು ಅದರ ಸ್ನಾಯುಗಳ ಬಲ ಮಾತ್ರವಲ್ಲ. ಶಾಖವನ್ನು ಹೊರಚೆಲ್ಲುವ ಶಕ್ತಿಯೂ ಹೌದು.

ಈ ವಿಷಯದಲ್ಲಿ ಕುದುರೆಗೆ ಹುಟ್ಟಿನಿಂದಲೇ ಒಂದು ಕೊರತೆಯುಂಟು. ವಸ್ತುವು ದೊಡ್ಡದಾದಂತೆ ಅದರ ಗಾತ್ರವು ಮೇಲ್ಮೈಗಿಂತ ವೇಗವಾಗಿ ಬೆಳೆಯುತ್ತದೆಂಬುದನ್ನು ಗೆಲಿಲಿಯೋ ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ೭೦ ಕಿಲೋಗ್ರಾಂ ತೂಕದ ಮನುಷ್ಯನ ಚರ್ಮವನ್ನು ಹರಡಿದರೆ ಸುಮಾರು ೧.೮ ಚದರ ಮೀಟರ್ ಆಗುತ್ತದೆ. ೫೦೦ ಕಿಲೋಗ್ರಾಂ ಕುದುರೆಯ ಚರ್ಮವು ಸುಮಾರು ೫ ಚದರ ಮೀಟರ್. ತೂಕವು ಏಳರಷ್ಟಾದರೂ ಶಾಖವನ್ನು ಹೊರಹಾಕುವ ಮೇಲ್ಮೈ ಮೂರರಷ್ಟೂ ಆಗಲಿಲ್ಲ. ಒಂದು ಕಿಲೋಗ್ರಾಂ ಮೈಗೆ ಮನುಷ್ಯನಿಗಿರುವ ಚರ್ಮದ ಅರ್ಧಕ್ಕಿಂತಲೂ ಕಡಿಮೆ ಚರ್ಮ ಕುದುರೆಗಿದೆ. ಬಿಸಿಲಿನಲ್ಲಿ ಸವಾರನಿಗೆ ಇನ್ನೂ ಸುಖವೆನಿಸುತ್ತಿರುವಾಗಲೇ ಕೆಳಗಿನ ಕುದುರೆ ಅಪಾಯದ ಅಂಚಿಗೆ ಬಂದಿರಬಹುದು. ನಮ್ಮ ಮೈಯ ಅನುಭವದಿಂದ ಅದರ ಮೈಯನ್ನು ಅಳೆಯಲಾಗದು.

ಈ ಕೊರತೆಯನ್ನು ತುಂಬಲು ಪ್ರಕೃತಿಯು ಅದಕ್ಕೆ ಕೊಟ್ಟಿರುವುದು ಬೆವರು. ಪ್ರಾಣಿಗಳಲ್ಲಿ ಕುದುರೆಯಷ್ಟು ಧಾರಾಳವಾಗಿ ಬೆವರುವುವು ತೀರ ಕಡಿಮೆ. ಕಠಿಣವಾಗಿ ದುಡಿಯುವ ದೊಡ್ಡ ಕುದುರೆಯು ಗಂಟೆಗೆ ಹತ್ತು ಲೀಟರಿಗೂ ಮೇಲ್ಪಟ್ಟು ಬೆವರಬಲ್ಲದು. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಗುಪ್ತೋಷ್ಣದ ರೂಪದಲ್ಲಿ ಸುಮಾರು ೨,೪೦೦ ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ನಾವು ಮೇಲೆ ಹೇಳಿದ ಗಾಡಿಯ ಕುದುರೆ ತನ್ನ ಮೈಯನ್ನು ತಂಪಾಗಿಟ್ಟುಕೊಳ್ಳಲು ಗಂಟೆಗೆ ನಾಲ್ಕೂವರೆ ಲೀಟರ್ ಬೆವರನ್ನು ಆವಿಮಾಡಿದರೆ ಸಾಕು. ಲೆಕ್ಕವು ಇಲ್ಲಿ ಸುಲಭವಾಗಿ ಕೂಡಿಬರುತ್ತದೆ. ಆದರೆ ‘ಆವಿಮಾಡಿದರೆ’ ಎಂಬ ಮಾತನ್ನು ಓದುಗರು ಗಮನಿಸಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈ ತಣಿಯದು. ಆವಿಯಾದುದರಿಂದ ಮಾತ್ರ ತಣಿಯುತ್ತದೆ. ಆವಿಯಾಗುವುದು ಗಾಳಿಯಲ್ಲಿ ಆಗಲೇ ಇರುವ ತೇವವನ್ನು ಅವಲಂಬಿಸಿದೆ.

ಎರಡು ಊರುಗಳನ್ನು ಹೋಲಿಸೋಣ. ಕರಾವಳಿಯ ಊರೊಂದರಲ್ಲಿ ಗಾಳಿಯ ಉಷ್ಣತೆ ೩೩ ಡಿಗ್ರಿ, ಆರ್ದ್ರತೆ ಶೇಕಡ ೭೫ ಎಂದಿಟ್ಟುಕೊಳ್ಳಿ. ಬಯಲುಸೀಮೆಯ ಒಣ ಊರೊಂದರಲ್ಲಿ ಉಷ್ಣತೆ ೩೮ ಡಿಗ್ರಿ, ಆರ್ದ್ರತೆ ಶೇಕಡ ೨೦. ಕುದುರೆಯ ಚರ್ಮದ ಉಷ್ಣತೆ ೩೬ ಡಿಗ್ರಿ ಇದ್ದರೆ ಅಲ್ಲಿ ನೀರಿನ ಆವಿಯ ಒತ್ತಡ ಸುಮಾರು ೫.೯ ಕಿಲೋಪ್ಯಾಸ್ಕಲ್. ಕರಾವಳಿಯ ಗಾಳಿಯಲ್ಲಿ ಆ ಒತ್ತಡ ಆಗಲೇ ೩.೮ ಇರುತ್ತದೆ, ಒಣ ಊರಿನಲ್ಲಿ ೧.೩ ಮಾತ್ರ. ಬೆವರನ್ನು ಚರ್ಮದಿಂದ ಎಳೆದೊಯ್ಯುವುದು ಈ ಎರಡರ ವ್ಯತ್ಯಾಸ: ಕರಾವಳಿಯಲ್ಲಿ ೨.೧, ಬಯಲುಸೀಮೆಯಲ್ಲಿ ೪.೬. ಐದು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೂ ಒಣ ಊರಿನಲ್ಲಿ ಬೆವರು ಎರಡರಷ್ಟು ಬಲದಿಂದ ಆರುತ್ತದೆ. ಒದ್ದೆಬಟ್ಟೆ ಸುತ್ತಿದ ಉಷ್ಣತಾಮಾಪಕವನ್ನು ಎರಡೂ ಕಡೆ ತೂಗಹಾಕಿದರೆ ಅದು ಕರಾವಳಿಯಲ್ಲಿ ಸುಮಾರು ೨೯ ಡಿಗ್ರಿಯನ್ನೂ ಒಣ ಊರಿನಲ್ಲಿ ೨೧ ಡಿಗ್ರಿಯನ್ನೂ ತೋರಿಸೀತು. ಮಳೆಗಾಲಕ್ಕೆ ಮುಂಚಿನ ಮೋಡಮುಚ್ಚಿದ ದಿನಗಳಲ್ಲಿ, ಬಿಸಿಲು ಅಷ್ಟೇನೂ ಇಲ್ಲದಿದ್ದರೂ ಕುದುರೆ ಸೊರಗುವುದು ಈ ಕಾರಣದಿಂದಲೇ. ತಲೆ ತಗ್ಗಿಸಿ ನೆರಳಿನಲ್ಲಿ ಕದಲದೆ ನಿಂತ ಕುದುರೆಯು ಸೋಮಾರಿಯಲ್ಲ. ಅದು ಶಾಖ ಹುಟ್ಟುವುದನ್ನೇ ಕಡಿಮೆ ಮಾಡಿಕೊಳ್ಳುತ್ತಿದೆ. ನಮ್ಮ ತರಗತಿಯ ಯಾವ ವಿದ್ಯಾರ್ಥಿಯೂ ಆ ಸಮಸ್ಯೆಯನ್ನು ಅದಕ್ಕಿಂತ ಚೆನ್ನಾಗಿ ಬಿಡಿಸಲಾರನು.

ಚಳಿದೇಶಗಳಲ್ಲಿ ಋತುವಿನ ಆಟವೇ ಬೇರೆ. ಅಲ್ಲಿ ಜಡತೆ ಬರುವುದು ಚಳಿಗಾಲದಲ್ಲಿ, ಹುರುಪು ಬರುವುದು ವಸಂತದಲ್ಲಿ. ಮಂಗೋಲಿಯದ ಬಯಲುಗಳಿಗೆ ಸೇರಿದ ಪ್ರಜ್ವಾಲ್ಸ್ಕಿ ಕುದುರೆಗಳನ್ನು ಆಸ್ಟ್ರಿಯದ ವಿಶಾಲವಾದ ಹುಲ್ಲುಗಾವಲಿನಲ್ಲಿ ಬಿಟ್ಟು ವಿಜ್ಞಾನಿಗಳು ಅವುಗಳ ಹೃದಯದ ಬಡಿತವನ್ನು ವರ್ಷಪೂರ್ತಿ ದಾಖಲಿಸಿದರು. ೨೦೦೬ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಚಳಿಗಾಲದಲ್ಲಿ ಅವುಗಳ ಬಡಿತವೂ ಓಡಾಟವೂ ತಗ್ಗಿ, ಚರ್ಮದಡಿಯ ಉಷ್ಣತೆಯೂ ಇಳಿಯುತ್ತದೆ. ವಸಂತದಲ್ಲಿ ಶಕ್ತಿಯ ವೆಚ್ಚ ಮತ್ತೆ ಮೇಲೇರುತ್ತದೆ. ಮೇವು ಕಡಿಮೆಯಾದ ಕಾಲದಲ್ಲಿ ಒಲೆಯ ಉರಿಯನ್ನು ತಗ್ಗಿಸುವ ಗೃಹಿಣಿಯ ಮಿತವ್ಯಯ ಇದು. ಮೈಯ ರೋಮವೂ ಇದೇ ಪಂಚಾಂಗವನ್ನು ಅನುಸರಿಸುತ್ತದೆ. ಚಳಿಗಾಲದ ದಟ್ಟ ರೋಮ ಬೆಳೆಯುವುದೂ ವಸಂತದಲ್ಲಿ ಅದು ಉದುರುವುದೂ ಮುಖ್ಯವಾಗಿ ಹಗಲಿನ ಉದ್ದವನ್ನು ನೋಡಿಕೊಂಡು. ಚಳಿಯ ಪ್ರಭಾವ ಅದರ ನಂತರದ್ದು. ಕತ್ತಲೆಯ ಹೊತ್ತಿನಲ್ಲಿ ಮೆದುಳಿನ ಪೀನಿಯಲ್ ಗ್ರಂಥಿಯು ಸ್ರವಿಸುವ ಮೆಲಟೋನಿನ್ ಎಂಬ ರಸವು ರಾತ್ರಿ ಎಷ್ಟು ಉದ್ದವೆಂಬುದನ್ನು ದೇಹಕ್ಕೆ ತಿಳಿಸುತ್ತದೆ. ಲಂಡನ್ನಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂಬತ್ತು ಗಂಟೆಗಳ ಅಂತರವಿದ್ದರೆ ಮೈಸೂರಿನಲ್ಲಿ ಇರುವುದು ಒಂದೂವರೆ ಗಂಟೆ ಮಾತ್ರ. ಹೀಗಾಗಿ ನಮ್ಮ ನಾಡಿನ ಕುದುರೆಗೆ ಹಗಲು ಹೇಳುವ ಸುದ್ದಿ ಮೆಲುದನಿಯದು. ಸೆಕೆ, ತೇವ, ಮೇವು ಇವು ಹೇಳುವ ಸುದ್ದಿಯೇ ದೊಡ್ಡದು. ಮಳೆ ಕಳೆದು ಹಸುರು ಹುಲ್ಲು ಸಿಕ್ಕಿ ಗಾಳಿ ಒಣಗಿ ತಂಪಾದಾಗ ಹುರುಪು ತಾನಾಗಿ ಮರಳುತ್ತದೆ. “ದಸರಾ ಹೊತ್ತಿಗೆ ಬನ್ನಿ ಸ್ವಾಮಿ, ಇದನ್ನ ಹಿಡಿಯೋಕೆ ಇಬ್ರು ಬೇಕು” ಎಂದು ಆ ಮುದುಕರು ತಮ್ಮ ಕುದುರೆಯ ಬೆನ್ನು ತಟ್ಟಿ ಹೇಳಿದ ಮಾತಿನಲ್ಲಿ ಈ ವಿಜ್ಞಾನವೆಲ್ಲ ಅಡಗಿತ್ತು.

ಇನ್ನು ಎರಡನೆಯ ಪ್ರಶ್ನೆ. ಯಾವಾಗ ಭಯಪಡಬೇಕು? ಎರಡೂ ಕುದುರೆಗಳು ಒಂದೇ ಬಗೆಯಾಗಿ ನಿಂತಿದ್ದವೆಂಬುದನ್ನು ನೆನಪಿಡೋಣ. ಕಣ್ಣಿಗೆ ಕಾಣುವ ಜಡತೆ ಒಂದೇ, ಕಾರಣಗಳು ಹಲವು. ನಮ್ಮ ತಿಳಿವಿನಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಬಹುಮಟ್ಟಿಗೆ ದಾರಿ ತಿಳಿಯುತ್ತದೆ.

ಮೊದಲನೆಯದು: ಜಡತೆ ಮೆಲ್ಲಮೆಲ್ಲನೆ ಬಂದಿತೇ, ಇದ್ದಕ್ಕಿದ್ದಂತೆ ಬಂದಿತೇ? ಋತುವು ಒಂದೇ ರಾತ್ರಿಯಲ್ಲಿ ತಿರುಗುವುದಿಲ್ಲ. ನಿನ್ನೆ ಚೆನ್ನಾಗಿದ್ದ ಕುದುರೆ ಇಂದು ಕುಗ್ಗಿದರೆ ಪಂಚಾಂಗವನ್ನು ದೂರಬಾರದು. ಎರಡನೆಯದು: ಎಲ್ಲ ಕುದುರೆಗಳೂ ಹೀಗಿವೆಯೇ, ಇದೊಂದೇ ಹೀಗಿದೆಯೇ? ಒಂದೇ ಬಿಸಿಲು, ಒಂದೇ ಗಾಳಿ, ಒಂದೇ ಬಗೆಯ ದುಡಿಮೆ ಇರುವಲ್ಲಿ ಒಂದು ಮಾತ್ರ ಹಿಂದೆ ಬಿದ್ದರೆ ಕಾರಣವು ಅದರ ಮೈಯೊಳಗೇ ಇದೆ. ಮೂರನೆಯದು: ತಂಪಿನಲ್ಲಿ ವಿಶ್ರಾಂತಿ ಕೊಟ್ಟಾಗ ಅದು ಚೇತರಿಸಿಕೊಳ್ಳುತ್ತದೆಯೇ? ಬಿಸಿಲಿಗೆ ಸೋತ ಕುದುರೆ ಸಂಜೆಯ ಗಾಳಿಗೆ ಕಿವಿ ನಿಮಿರಿಸುತ್ತದೆ. ಜ್ವರದ ಕುದುರೆಗೆ ಬೆಳಗೂ ಸಂಜೆಯೂ ಒಂದೇ. ನಾಲ್ಕನೆಯದು: ಮೇವು, ನೀರು, ಲದ್ದಿ, ಮೂತ್ರ ಇವು ಸರಿಯಾಗಿವೆಯೇ? ಸೆಕೆಯಲ್ಲಿ ಕುದುರೆ ಕೆಲಸವನ್ನು ಒಲ್ಲೆನೆನ್ನಬಹುದು. ಆದರೆ ತಂಪು ಹೊತ್ತಿನಲ್ಲಿ ಹಾಕಿದ ಹುರುಳಿಯನ್ನೂ ಒಲ್ಲೆನೆಂದರೆ ಅದನ್ನು ಸಣ್ಣ ಸಂಗತಿಯೆಂದು ಬಿಡಕೂಡದು.

ಈ ಪ್ರಶ್ನೆಗಳ ಜೊತೆಗೆ ಮೂರು ಅಳತೆಗಳು ಬೇಕು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು ೨೮ರಿಂದ ೪೪. ಉಸಿರು ೮ರಿಂದ ೧೬. ಗುದದಲ್ಲಿ ಅಳೆದ ಉಷ್ಣತೆ ೩೭.೫ರಿಂದ ೩೮.೫ ಡಿಗ್ರಿ. ಕೆಳದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಪಕ್ಕೆಯ ಏರಿಳಿತವನ್ನು ಎಣಿಸಿದರೆ ಉಸಿರು ಸಿಗುತ್ತದೆ. ಉಷ್ಣತಾಮಾಪಕವು ಯಾವ ಔಷಧದ ಅಂಗಡಿಯಲ್ಲಿಯೂ ಸಿಗುತ್ತದೆ. ಕೆಲಸ ಮಾಡಿದ ಕೂಡಲೆ ಈ ಸಂಖ್ಯೆಗಳು ಏರುವುದು ಸಹಜ. ಅವು ಎಷ್ಟು ಬೇಗ ಇಳಿಯುತ್ತವೆ ಎಂಬುದೇ ಮುಖ್ಯ. ದೂರದ ಓಟದ ಪಂದ್ಯಗಳಲ್ಲಿ ವಿಶ್ರಾಂತಿಯ ನಿಲ್ದಾಣದಲ್ಲಿ ಗೊತ್ತಾದ ಅವಧಿಯೊಳಗೆ ನಾಡಿ ಸಾಮಾನ್ಯವಾಗಿ ೬೪ಕ್ಕೆ ಇಳಿಯದಿದ್ದರೆ ಕುದುರೆಯನ್ನು ಮುಂದೆ ಬಿಡುವುದಿಲ್ಲ. ಅಲ್ಲಿ ಸವಾರನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಒಳ್ಳೆಯ ಪದ್ಧತಿಯದು.

ಕೆಲವು ಲಕ್ಷಣಗಳಿಗಂತೂ ಕಾಯಬಾರದು. ಅದೇ ದಿನ ಪಶುವೈದ್ಯರನ್ನು ಕರೆಯಬೇಕು. ನೆರಳಿನಲ್ಲಿ ವಿಶ್ರಾಂತಿ ಕೊಟ್ಟ ಮೇಲೆಯೂ ಇಳಿಯದ ಉಷ್ಣತೆ ಅಂಥದು. ಬಿಳಿಚಿದ, ಹಳದಿಗಟ್ಟಿದ ಅಥವಾ ನೀಲಿಗಟ್ಟಿದ ಒಸಡು. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿ, ಹಿಂಭಾಗದ ಸ್ನಾಯುಗಳು ಕಲ್ಲಾಗಿ ಹೆಜ್ಜೆ ತಡವರಿಸುವುದು ಇವೂ ಅಂಥವೇ. ಇವುಗಳಲ್ಲಿ ಕೊನೆಯದು ಕೆಲವು ದಿನ ದುಡಿಮೆಯಿಲ್ಲದೆ ಪೂರ್ತಿ ಧಾನ್ಯ ತಿಂದ ಕುದುರೆಯನ್ನು ಒಮ್ಮೆಲೇ ಕೆಲಸಕ್ಕೆ ಹೂಡಿದಾಗ ಕಾಣುವುದುಂಟು. ಎಲ್ಲಕ್ಕಿಂತ ಮೋಸದ ಲಕ್ಷಣವೆಂದರೆ ಒಣಗಿದ ಮೈ. ಸುತ್ತಲಿನ ಕುದುರೆಗಳೆಲ್ಲ ಬೆವರಿನಲ್ಲಿ ನೆನೆದಿರುವಾಗ ಒಂದು ಕುದುರೆ ಮಾತ್ರ ಒಣಗಿ ನಿಂತು ಬೇಗಬೇಗನೆ ಉಸಿರಾಡುತ್ತಿದ್ದರೆ, ನೋಡುವವರು ಅದಕ್ಕೆ ಸೆಕೆಯೇ ಆಗಿಲ್ಲವೆಂದು ಹಿಗ್ಗುತ್ತಾರೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಅದರ ಬೆವರಿನ ಗ್ರಂಥಿಗಳೇ ಕೈಬಿಟ್ಟಿವೆ. ೨೦ನೆಯ ಶತಮಾನದ ಆರಂಭದ ದಶಕಗಳಲ್ಲಿ ಇಂಗ್ಲೆಂಡಿನಿಂದ ಭಾರತವೇ ಮೊದಲಾದ ಸೆಕೆಯ ನಾಡುಗಳಿಗೆ ಹಡಗಿನಲ್ಲಿ ತಂದ ಪಂದ್ಯದ ಕುದುರೆಗಳಲ್ಲಿ ಈ ವ್ಯಾಧಿಯನ್ನು ಗುರುತಿಸಲಾಯಿತು. ನಾವು ಮೇಲೆ ಮಾಡಿದ ಲೆಕ್ಕವನ್ನು ನೆನೆದರೆ ಅಂಥ ಕುದುರೆಯನ್ನು ಓಡಿಸುವುದೆಂದರೇನು ಎಂಬುದು ತಿಳಿದೀತು.

ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಬರುವ ಜಡತೆಯಲ್ಲಿ ಇನ್ನೊಂದು ಅಪಾಯವುಂಟು. ಕಚ್ಚುವ ದೊಡ್ಡ ನೊಣಗಳು ಆ ಕಾಲದಲ್ಲಿ ಹೆಚ್ಚುತ್ತವೆ. ಸರ್ರಾ ಎಂಬ ರೋಗವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಒಯ್ಯುವುವು ಅವೇ. ಬಂದುಹೋಗುವ ಜ್ವರ, ರಕ್ತಹೀನತೆ, ದಿನೇದಿನೇ ಸೊರಗುವಿಕೆ ಅದರ ಗುರುತುಗಳು. ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯರು ೧೮೮೦ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್ ಪ್ರದೇಶದಲ್ಲಿ, ಹೀಗೆ ಸೊರಗುತ್ತಿದ್ದ ಪ್ರಾಣಿಗಳ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ ಅಲ್ಲಿ ಹೊರಳಾಡುತ್ತಿದ್ದ ಏಕಕೋಶ ಜೀವಿಗಳನ್ನು ಕಂಡರು. ಆ ಜೀವಿಗೆ ಇಂದಿಗೂ ಅವರ ಹೆಸರೇ ಇದೆ. ಸೊರಗುವಿಕೆಯನ್ನು ಹವೆಯ ತಲೆಗೆ ಕಟ್ಟಿ ಸುಮ್ಮನಾಗದೆ, ಒಂದು ಹನಿ ರಕ್ತವನ್ನು ಅವರು ನೋಡಿದರು. ವಿಜ್ಞಾನ ಮುಂದುವರಿದುದು ಆ ನೋಟದಿಂದ. ಚಳಿದೇಶಗಳಲ್ಲಿಯೂ ಇಂಥದೇ ಒಂದು ನಿದರ್ಶನವುಂಟು. ವಸಂತ ಕಳೆದರೂ ಮುದಿ ಕುದುರೆಯ ಚಳಿಗಾಲದ ರೋಮ ಉದುರದಿದ್ದರೆ ಅದನ್ನು ಮುಪ್ಪೆಂದು ತಳ್ಳಿಹಾಕುವಂತಿಲ್ಲ. ಪಿಟ್ಯುಟರಿ ಗ್ರಂಥಿಯ ವ್ಯಾಧಿಯೊಂದರ ಪ್ರಸಿದ್ಧ ಲಕ್ಷಣವದು.

ಅನುಭವವನ್ನು ನಾವು ಹೊಗಳಿದೆವು. ಆದರೆ ಅನುಭವವೂ ಅಳತೆಗೆ ಒಳಪಡಬೇಕು. ಅದೇ ಮುದುಕರು, ಕಾದ ಕುದುರೆಗೆ ನೀರು ಕುಡಿಸಬಾರದು, ಮೈಮೇಲೆ ತಣ್ಣೀರು ಹೊಯ್ಯಬಾರದು, ಹೊಯ್ದರೆ ಸ್ನಾಯು ಸೆಟೆದುಕೊಳ್ಳುತ್ತದೆ ಎಂದೂ ನಮಗೆ ಹೇಳಿದರು. ಈ ನಂಬಿಕೆ ಅವರೊಬ್ಬರದಲ್ಲ; ಇಂಗ್ಲೆಂಡಿನ ಲಾಯಗಳಲ್ಲಿಯೂ ಅದು ಬಹುಕಾಲ ಆಳಿತು. ೧೯೯೨ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಸೆಕೆಯಿಂದ ಕುದುರೆಗಳು ಬಳಲಿದುದನ್ನು ಕಂಡು, ೧೯೯೬ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮೊದಲು ವಿಜ್ಞಾನಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ದುಡಿದು ಕಾದ ಕುದುರೆಯ ಮೈಗೆ ತಣ್ಣೀರನ್ನು ಧಾರಾಳವಾಗಿ ಹೊಯ್ಯುವುದರಿಂದ ಅಪಾಯವಿಲ್ಲವೆಂದೂ, ಮೈಯನ್ನು ತಣಿಸಲು ಅದು ಅತ್ಯಂತ ಪರಿಣಾಮಕಾರಿಯೆಂದೂ ಆ ಪ್ರಯೋಗಗಳಿಂದ ಕಂಡುಬಂದಿತು. ಇಲ್ಲಿಯೂ ಲೆಕ್ಕ ಸುಲಭ. ಹದಿನೈದು ಲೀಟರಿನ ಒಂದು ಬಕೆಟ್ ನೀರು ಮೈಮೇಲೆ ಹರಿದು ೨೦ ಡಿಗ್ರಿಯಿಂದ ೩೫ ಡಿಗ್ರಿಗೆ ಕಾದರೆ ಸುಮಾರು ೯೪೫ ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ; ಕುದುರೆಯ ಮೈಯ ಅರ್ಧ ಡಿಗ್ರಿ ಅದರೊಡನೆ ಹೋಯಿತು. ನೀರು ಅಷ್ಟು ಪೂರ್ತಿಯಾಗಿ ಕಾಯದೆ ಜಾರಿಹೋದರೂ ಮತ್ತೆ ಮತ್ತೆ ಹೊಯ್ದರೆ ಫಲ ಕಂಡೇ ಕಾಣುತ್ತದೆ. ಕುಡಿಯುವ ನೀರಿನ ವಿಷಯವಂತೂ ಇನ್ನೂ ಗಂಭೀರ. ಮನುಷ್ಯನ ಬೆವರು ರಕ್ತಕ್ಕಿಂತ ಸಪ್ಪೆ. ಬೆವರಿದಂತೆಲ್ಲ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರಿ ಬಾಯಾರಿಕೆ ಹುಟ್ಟುತ್ತದೆ. ಕುದುರೆಯ ಬೆವರು ರಕ್ತದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಉಪ್ಪಾಗಿರುತ್ತದೆ. ನೀರಿನೊಡನೆ ಉಪ್ಪೂ ಹೋಗುವುದರಿಂದ ಬಾಯಾರಿಕೆಯ ಗಂಟೆ ಬಾರಿಸುವುದೇ ಇಲ್ಲ. ಹತ್ತಿಪ್ಪತ್ತು ಲೀಟರ್ ಕಳೆದುಕೊಂಡ ಕುದುರೆ ನೀರಿನ ತೊಟ್ಟಿಯ ಮುಂದೆ ಸುಮ್ಮನೆ ನಿಲ್ಲಬಹುದು. ಅದಕ್ಕೆ ನೀರನ್ನು ಮರೆಮಾಡುವುದಲ್ಲ, ನೀರನ್ನೂ 
ಉಪ್ಪನ್ನೂ ಸದಾ ಎದುರಿಗಿಡುವುದು ನಮ್ಮ ಕರ್ತವ್ಯ.

ಕಾನೂನೂ ಅಳತೆಯ ಮಾತನ್ನಾಡುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ೧೯೬೦ರ ಅಧಿನಿಯಮದ ಅಡಿಯಲ್ಲಿ, ಗಾಡಿಯೆಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿ ೧೯೬೫ರಲ್ಲಿ ನಿಯಮಗಳು ರಚಿತವಾದವು. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚಾಗಿ, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚಾಗಿ ಅವುಗಳನ್ನು ದುಡಿಸಕೂಡದು. ಉಷ್ಣತೆ ೩೭ ಡಿಗ್ರಿಯನ್ನು ಮೀರುವಲ್ಲಿ ಮಧ್ಯಾಹ್ನ ೧೨ರಿಂದ ೩ ಗಂಟೆಯ ನಡುವೆ ಹೂಡಕೂಡದು ಎಂದು ಅವು ವಿಧಿಸುತ್ತವೆ. ಈ ನಿಯಮ ಮಾಡಿದವರಿಗೆ ನಾವು ಕೃತಜ್ಞರು. ಆದರೂ ಭೌತವಿಜ್ಞಾನದ ಅಧ್ಯಾಪಕರಾಗಿ ಒಂದು ಕೊರತೆಯನ್ನು ಹೇಳದಿರಲಾರೆವು. ಅಲ್ಲಿ ಉಷ್ಣತೆಯ ಮಾತುಂಟು, ಆರ್ದ್ರತೆಯ ಮಾತಿಲ್ಲ. ನಾವು ಹೋಲಿಸಿದ ಎರಡು ಊರುಗಳಲ್ಲಿ, ಬೆವರು ಚೆನ್ನಾಗಿ ಆರುವ ಒಣ ಊರಿನ ಕುದುರೆಗೆ ಈ ನಿಯಮದ ರಕ್ಷಣೆಯಿದೆ. ಬೆವರು ಆರದ ಕರಾವಳಿಯ ಕುದುರೆಗೆ ಇಲ್ಲ. ಮೊದಲನೆಯದಕ್ಕಿರುವ ರಕ್ಷಣೆಯನ್ನು ಸಡಿಲಿಸಬೇಕೆಂದು ನಾವು ಹೇಳುತ್ತಿಲ್ಲ. ಎರಡನೆಯದಕ್ಕೂ ಅದನ್ನು ಕೊಡಬೇಕೆನ್ನುತ್ತೇವೆ. ಕುದುರೆಯವರಲ್ಲಿ ಬಳಕೆಯಲ್ಲಿರುವ ಒಂದು ಸ್ಥೂಲ ಲೆಕ್ಕವೂ ಇದನ್ನೇ ಹೇಳುತ್ತದೆ. ಫ್ಯಾರನ್‌ಹೈಟ್ ಉಷ್ಣತೆಗೆ ಶೇಕಡಾವಾರು ಆರ್ದ್ರತೆಯನ್ನು ಕೂಡಬೇಕು. ಮೊತ್ತವು ೧೫೦ನ್ನು ದಾಟಿದರೆ ಎಚ್ಚರ, ೧೮೦ನ್ನು ದಾಟಿದರೆ ದುಡಿಸಲೇಬಾರದು. ಒಣ ಊರಿನ ಮೊತ್ತ ಸುಮಾರು ೧೨೦, ಕರಾವಳಿಯದು ೧೬೬. ಇದು ಸೂಕ್ಷ್ಮವಾದ ವಿಜ್ಞಾನವಲ್ಲ; ಆದರೆ ಗಾಡಿ ಹೂಡುವ ಮೊದಲು ಯಾರು ಬೇಕಾದರೂ ಮಾಡಬಹುದಾದ ಸಂಕಲನ.

ಇದಕ್ಕೆಲ್ಲ ವಿದ್ಯಾರ್ಥಿಗಳೇನು ಮಾಡಬೇಕು ಎಂದು ಕೇಳಬಹುದು. ಅಳತೆಯೊಂದರ ಅರ್ಥವು ಅದನ್ನು ಯಾವುದರೊಡನೆ ಹೋಲಿಸುತ್ತೇವೆಂಬುದರಲ್ಲಿದೆ ಎಂದು ಪ್ರಯೋಗಶಾಲೆಯಲ್ಲಿ ಮೊದಲ ದಿನವೇ ಕಲಿಸುತ್ತೇವೆ. ನಾಡಿ ೪೨ ಎಂಬುದು ಪುಸ್ತಕದ ಮಿತಿಯೊಳಗೆ ಇದೆ; ಆದರೆ ಸದಾ ೩೦ ಇರುವ ಕುದುರೆಗೆ ಅದು ಎಚ್ಚರಿಕೆಯ ಸಂಖ್ಯೆ. ಆದುದರಿಂದ ಪ್ರತಿಯೊಂದು ಕುದುರೆಗೂ ಅದರದೇ ಆದ ದಾಖಲೆ ಬೇಕು: ತಿಂಗಳಿಗೆ ನಾಲ್ಕು ಬೆಳಗು, ಮೂರು ಸಂಖ್ಯೆಗಳು, ಆ ದಿನದ ಉಷ್ಣತೆ ಮತ್ತು ಆರ್ದ್ರತೆ. ವರ್ಷ ತುಂಬುವ ವೇಳೆಗೆ ಋತುವಿನೊಡನೆ ಅದು ಹೇಗೆ ಏರಿಳಿಯುತ್ತದೆಂಬ ರೇಖೆ ಕಾಗದದ ಮೇಲೆ ಮೂಡುತ್ತದೆ. ಆಮೇಲೆ ಯಾವ ದಿನ ಬಿಂದುವು ಆ ರೇಖೆಯಿಂದ ದೂರ ಬಿದ್ದಿತೋ ಅದೇ ಭಯಪಡಬೇಕಾದ ದಿನ. ನಿಮ್ಮ ಊರಿನಲ್ಲಿ ಟಾಂಗಾ ಇದ್ದರೆ, ಲಾಯವಿದ್ದರೆ, ಒಡೆಯರ ಅಪ್ಪಣೆ ಪಡೆದು, ಅವರನ್ನು ಜೊತೆಗಿಟ್ಟುಕೊಂಡು ಇದನ್ನು ಮಾಡಿ ನೋಡಿ. ಕುದುರೆಯಿಲ್ಲದ ಊರಿನಲ್ಲಿ ಎತ್ತು ಇದ್ದೀತು. ಅದರ ಸಂಖ್ಯೆಗಳು ಬೇರೆ, ವಿಧಾನ ಇದೇ.

ಆ ತರುಣನನ್ನು ನಾವು ಕೆಲವು ತಿಂಗಳ ನಂತರ ಮತ್ತೊಮ್ಮೆ ಕಂಡೆವು. ಅವನ ಗಾಡಿಯ ಆಸನದಡಿಯ ಪೆಟ್ಟಿಗೆಯಲ್ಲಿ ಲಾಳದ ಮೊಳೆಗಳ ನಡುವೆ ಉಷ್ಣತಾಮಾಪಕವೊಂದಿತ್ತು; ಅದನ್ನು ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ನಮಗೆ ತೋರಿಸಿದನು. ದಿನವೂ ನೋಡುತ್ತೀಯಾ ಎಂದು ಕೇಳಿದೆವು. “ಮೇವು ಬಿಟ್ಟ ದಿನ ತಪ್ಪದೆ ನೋಡ್ತೀನಿ ಸ್ವಾಮಿ” ಎಂದನು. ಮುಂದಿನ ವರ್ಷ ತರಗತಿಯಲ್ಲಿ ೭೪೬ ವಾಟ್ ಎಂದು ಬರೆದ ಮೇಲೆ, ಅದರ ನಾಲ್ಕರಷ್ಟು ಶಾಖ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನೂ ಅದರ ಕೆಳಗೆ ಬರೆಯಬೇಕೆಂದು ನಾವು ನಿಶ್ಚಯಿಸಿದ್ದೇವೆ.